ಓದುಗರ ಪ್ರಶ್ನೆ, ನಮ್ಮ ಉತ್ತರ: ಸಮಾರಂಭದಲ್ಲಿ ಚಾಕೊಲೇಟ್ ಫೌಂಟೇನ್

ಆರತಕ್ಷತೆ ಇರಲಿ, ನಾಮಕರಣ ಇರಲಿ, ಮಕ್ಕಳ ಬರ್ತ್‌ಡೇ ಇರಲಿ, ಕೇಟರಿಂಗ್‌ನವರು ಕೊಡುವ ಮೆನುವಿನ ಕೊನೆಯಲ್ಲಿ ಈಗ ಚಾಕೊಲೇಟ್ ಫೌಂಟೇನ್ ಅಂತ ಒಂದು ಸಾಲು ಇದ್ದೇ ಇರುತ್ತದೆ. ಕರಗಿದ ಚಾಕೊಲೇಟ್ ತಟ್ಟೆಯಿಂದ ತಟ್ಟೆಗೆ ತೆಳು ಪರದೆಯ ಹಾಗೆ ಇಳಿಯುತ್ತಾ ಇರುವ ಮೆಷಿನ್ ಅದು, ಹಣ್ಣು, ತಿಂಡಿಯ ತುಂಡನ್ನು ಕಡ್ಡಿಗೆ ಚುಚ್ಚಿ ಅದರಲ್ಲಿ ಅದ್ದಿ ತಿನ್ನುತ್ತಾರೆ. ಅದರ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳು ತುಂಬ ಸೇರಿದ್ದವು. ಈ ಸಲದ ಅಂಕಣ ಪೂರ್ತಿ ಅವಕ್ಕೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದಿನ ಎಷ್ಟೋ ಉತ್ತರಗಳು ಅಲ್ಲಿಗೇ ಬಂದು ನಿಲ್ಲುತ್ತವೆ: ಫೌಂಟೇನ್ ಪಕ್ಕದಲ್ಲಿ ಅದಕ್ಕೇ ಅಂತ ಒಬ್ಬರು ಕೊನೆಯವರೆಗೂ ನಿಲ್ಲುವುದಾದರೆ ಮಾತ್ರ ಇಡಿ. ನಿಲ್ಲುವವರು ಇಲ್ಲ ಅಂದ್ರೆ ಆ ದುಡ್ಡಿಗೆ ಒಳ್ಳೆ ಐಸ್‌ಕ್ರೀಮ್ ಕೊಡಿಸಿ.

ಪ್ರಶ್ನೆ: ಮಗಳ ಆರತಕ್ಷತೆಗೆ ಸುಮಾರು 600 ಜನ ಬರುತ್ತಾರೆ. ಒಂದು ದೊಡ್ಡ ಫೌಂಟೇನ್ ಇಟ್ಟರೆ ಸಾಕು, ಜನ ತಾವೇ ಅದ್ದಿಕೊಂಡು ತಿನ್ನುತ್ತಾರೆ ಅಂತ ಕೇಟರಿಂಗ್‌ನವರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದಾ ಮೇಡಂ? — ಓದುಗರೊಬ್ಬರು, ದಾವಣಗೆರೆ

ಒಪ್ಪಿಕೊಳ್ಳಬೇಡಿ. ಲೆಕ್ಕ ಹಾಕಿ ನೋಡಿ. ಒಬ್ಬರು ಕಡ್ಡಿ ತಗೊಂಡು, ಹಣ್ಣು ಚುಚ್ಚಿ, ಅದ್ದಿ, ತೊಟ್ಟಿಕ್ಕೋದು ನಿಲ್ಲುವವರೆಗೆ ಕಾದು, ಪಕ್ಕಕ್ಕೆ ಸರಿಯೋಕೆ ಅರ್ಧ ನಿಮಿಷವಾದರೂ ಬೇಕು. ಗಂಟೆಗೆ 120 ಜನ ಆಯಿತು. ಆರತಕ್ಷತೆಯಲ್ಲಿ ಊಟದ ಜೋರು ಇರೋದೇ ಎರಡು ಗಂಟೆ. ಅದರಲ್ಲಿ ಮಕ್ಕಳು ಒಂದು ಸಲ ತಿಂದು ಸುಮ್ನೆ ಹೋಗುವವರಲ್ಲ, ಮತ್ತೆ ಬರುತ್ತಾರೆ. ಕೊನೆಗೆ ವಯಸ್ಸಾದವರು ದೂರದಿಂದ ನೋಡಿ ಹೋಗಿಬಿಡುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ಕೈಯದು. ಫೌಂಟೇನ್‌ನಲ್ಲಿ ಕೆಳಗೆ ಬಿದ್ದದ್ದು ಮತ್ತೆ ಮೇಲೆ ಹೋಗಿ ಮತ್ತೆ ಇಳಿಯುತ್ತದೆ. ಅದೇ ಅದರ ಕೆಲಸ. ಒಬ್ಬ ಹುಡುಗ ಕಚ್ಚಿದ ಬಾಳೆಹಣ್ಣನ್ನು ಮತ್ತೆ ಅದ್ದಿದರೆ, ಯಾರದೋ ಬೆರಳು ತಾಗಿದರೆ, ಕೆಮ್ಮಿದರೆ, ಅದು ಒಂದು ಮೂಲೆಯಲ್ಲಿ ಉಳಿಯುವುದಿಲ್ಲ, ಎಲ್ಲರ ಕಡ್ಡಿಗೂ ಬರುತ್ತದೆ. ಚಾಕೊಲೇಟ್ ಬಿಸಿ ಇರುತ್ತಲ್ಲ ಅನ್ನುತ್ತಾರೆ. ಆ ಬಿಸಿ 40ರಿಂದ 45 ಡಿಗ್ರಿ ಅಷ್ಟೇ, ಅದರಿಂದ ಯಾವ ರೋಗಾಣುವೂ ಸಾಯುವುದಿಲ್ಲ. ಚಾಕೊಲೇಟ್‌ನಲ್ಲಿ ನೀರಿನಂಶ ತೀರಾ ಕಡಿಮೆ, ಹಾಗಾಗಿ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುವುದಿಲ್ಲ, ಇದು ನಿಜ. ಆದರೆ ಸಾಲ್ಮೊನೆಲ್ಲಾ ಥರದವು ಅದರಲ್ಲಿ ಬಹಳ ಕಾಲ ಬದುಕಿರುತ್ತವೆ. ವಾಂತಿ, ಭೇದಿ ತರುವ ವೈರಸ್‌ಗಳಿಗಂತೂ ಅಲ್ಲಿ ಬೆಳೆಯುವ ಅಗತ್ಯವೇ ಇಲ್ಲ, ಬಂದು ಸೇರಿದರೆ ಸಾಕು.

ಹೀಗೆ ಮಾಡಿಸಿ. ಫೌಂಟೇನ್ ಮೇಜಿನ ಹಿಂದೆ ಇರಲಿ, ಅತಿಥಿಗಳು ಮುಂದೆ. ಕೈಗವಸು, ಟೋಪಿ ಹಾಕಿದ ಒಬ್ಬರು ಮೊದಲೇ ಚುಚ್ಚಿಟ್ಟ ಕಡ್ಡಿಗಳನ್ನು ಮೂರ್ನಾಲ್ಕು ಒಟ್ಟಿಗೆ ಹಿಡಿದು ಅದ್ದಿ, ಅಡಿಕೆ ಹಾಳೆಯ ಪುಟ್ಟ ಬಟ್ಟಲಲ್ಲಿಟ್ಟು ಕೊಡಲಿ. ಪಕ್ಕದಲ್ಲಿ ಇನ್ನೊಬ್ಬರು ಕಡ್ಡಿ ಚುಚ್ಚುತ್ತಾ ಇರಲಿ. ಸಾಲು ಓಡುತ್ತದೆ, ಸೀರೆಯ ಸೆರಗು ಚಾಕೊಲೇಟ್‌ಗೆ ತಾಗುವುದಿಲ್ಲ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. 600 ಜನಕ್ಕೆ ಇಂಥ ಎರಡು ಕೌಂಟರ್ ಬೇಕು. ಅಷ್ಟು ಜನ ಕೊಡುವುದಿಲ್ಲ ಅಂದ್ರೆ ಮೆನುವಿನಿಂದ ತೆಗೆಸಿಬಿಡಿ, ಬೇಜಾರು ಮಾಡಿಕೊಳ್ಳಬೇಡಿ. ಇದು 100, 150 ಜನರ ಸಮಾರಂಭಕ್ಕೆ ಹೇಳಿ ಮಾಡಿಸಿದ ತಿನಿಸು.

ಚಾಕೊಲೇಟ್ ಎಷ್ಟು ಬೇಕು ಅಂತಲೂ ಕೇಳಿದ್ದೀರಿ. ಒಬ್ಬೊಬ್ಬರು ಮೂರು ತುಂಡು ತಿಂದರೆ 1 ಕೆಜಿ ಇಪ್ಪತ್ತು, ಇಪ್ಪತ್ತೈದು ಜನಕ್ಕೆ ಬರುತ್ತದೆ. ಎಲ್ಲರೂ ತಿನ್ನುವುದಿಲ್ಲ, ಅದೂ ನಿಜ. ಆದರೆ ದೊಡ್ಡ ಮೆಷಿನ್‌ನಲ್ಲಿ ಕೊನೆಯ ಒಂದು, ಒಂದೂವರೆ ಕೆಜಿ ತಳದಲ್ಲೇ ಉಳಿಯುತ್ತದೆ. ಅದಕ್ಕಿಂತ ಕಡಿಮೆ ಆದರೆ ಪರದೆ ಹರಿದುಹೋಗುತ್ತದೆ. ಆ ಉಳಿಕೆಯನ್ನೂ ಸೇರಿಸಿ ಲೆಕ್ಕ ಹಾಕಿ.

ಪ್ರಶ್ನೆ: ಮನೆಗೆ ಪುಟ್ಟ ಫೌಂಟೇನ್ ಮೆಷಿನ್ ತಂದೆವು. ಅಂಗಡಿಯ ಮಿಲ್ಕ್ ಚಾಕೊಲೇಟ್ ಕರಗಿಸಿ, ಗಟ್ಟಿ ಅನ್ನಿಸಿ ಸ್ವಲ್ಪ ಹಾಲು ಹಾಕಿ ಸುರಿದೆವು. ಉಂಡೆ ಉಂಡೆಯಾಗಿ ಮೆಷಿನ್ ನಿಂತೇಹೋಯಿತು. ಮೆಷಿನ್ ಕೆಟ್ಟದ್ದಾ? — ಶಿವಮೊಗ್ಗ

ಮೆಷಿನ್ ಕೆಟ್ಟಿಲ್ಲ. ಇದೆಲ್ಲ ಆ ಹಾಲಿನ ಕೆಲಸ.

ಫೌಂಟೇನ್ ಒಳಗೆ ಇರೋದು ಸರಳ. ಕೆಳಗೆ ಬಿಸಿಯಾಗುವ ಒಂದು ಬೋಗುಣಿ, ನಡುವೆ ಒಂದು ಕೊಳವೆ, ಕೊಳವೆಯೊಳಗೆ ಸುತ್ತುವ ಒಂದು ಉದ್ದ ಸ್ಕ್ರೂ. ಅದನ್ನು ಆಗರ್ ಅನ್ನುತ್ತಾರೆ. ಸ್ಕ್ರೂ ತಿರುಗಿದಂತೆ ಚಾಕೊಲೇಟ್ ಸುರುಳಿ ಹತ್ತಿಕೊಂಡು ತುದಿಗೆ ಬಂದು, ಒಂದೊಂದೇ ತಟ್ಟೆಯ ಅಂಚಿನಿಂದ ಕೆಳಗಿಳಿಯುತ್ತದೆ. ಇದು ಒತ್ತಡ ಹಾಕಿ ತಳ್ಳುವ ಪಂಪ್ ಅಲ್ಲ, ಸುಮ್ನೆ ಎತ್ತುತ್ತದೆ ಅಷ್ಟೇ. ಹಾಗಾಗಿ ಚಾಕೊಲೇಟ್ ತೆಳ್ಳಗೆ ಇರಲೇಬೇಕು. ಸೌಟಿನಿಂದ ಎತ್ತಿ ಬಿಟ್ಟರೆ ಎಣ್ಣೆ ಇಳಿದ ಹಾಗೆ, ಎಲ್ಲೂ ಕಡಿಯದೆ ಇಳಿಯಬೇಕು.

ತಿನ್ನುವ ಬಾರ್ ಚಾಕೊಲೇಟ್ ಅಷ್ಟು ತೆಳ್ಳಗೆ ಆಗುವುದಿಲ್ಲ. ಅದರಲ್ಲಿ ಕೋಕೋ ಬೆಣ್ಣೆ ಸಾಲದು. ಕೂವರ್ಚರ್ ಅಂತ ಸಿಗುವ ಚಾಕೊಲೇಟ್‌ನಲ್ಲಿ ಕೋಕೋ ಬೆಣ್ಣೆ ಜಾಸ್ತಿ, ಕನಿಷ್ಠ ಶೇ. 31 ಇರುತ್ತದೆ, ಅದಕ್ಕೆ ಸ್ವಲ್ಪವೇ ಎಣ್ಣೆ ಸಾಕು. ಬೇರೆ ಯಾವುದೇ ಆದರೂ 1 ಕೆಜಿಗೆ 80ರಿಂದ 100 ಮಿ.ಲೀ. ವಾಸನೆ ಇಲ್ಲದ ಎಣ್ಣೆ ಬೇಕು. ಸೂರ್ಯಕಾಂತಿ ಎಣ್ಣೆ ಸಾಕು. ಗಾಣದ ಕೊಬ್ಬರಿ ಎಣ್ಣೆ ಬೇಡ, ಅದರ ಘಮ ಚಾಕೊಲೇಟನ್ನೇ ಮುಚ್ಚಿಬಿಡುತ್ತದೆ.

ಹಾಲು, ಕೆನೆ, ನೀರು ಒಂದು ಚಮಚವೂ ಬೇಡ. ಬೆಣ್ಣೆಯೂ ಬೇಡ, ಬೆಣ್ಣೆಯಲ್ಲಿ ಶೇ. 16ರವರೆಗೆ ನೀರಿರುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕರಗಿದ ಚಾಕೊಲೇಟ್‌ನಲ್ಲಿ ಸಕ್ಕರೆಯ, ಕೋಕೋದ ಸಣ್ಣ ಸಣ್ಣ ಕಣಗಳು ಕೊಬ್ಬಿನಲ್ಲಿ ತೇಲುತ್ತಾ ಇರುತ್ತವೆ. ಒಂದಿಷ್ಟು ನೀರು ಬಿದ್ದರೆ ಸಕ್ಕರೆ ಒದ್ದೆಯಾಗಿ ಅಂಟಾಗುತ್ತದೆ, ಕಣಗಳೆಲ್ಲ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ನೋಡ್ತಾ ನೋಡ್ತಾ ಹೊಳಪು ಹೋಗಿ, ಮರಳು ಮರಳಾಗಿ, ಉಂಡೆ ಕಟ್ಟುತ್ತದೆ. ಹಾಗಾದದ್ದು ಮತ್ತೆ ಫೌಂಟೇನ್‌ಗೆ ಬರುವುದಿಲ್ಲ. ಬಿಸಿ ಹಾಲಿಗೆ ಹಾಕಿ ಮಕ್ಕಳಿಗೆ ಕುಡಿಸಿ, ದಂಡ ಆಗುವುದಿಲ್ಲ.

ಇನ್ನು ಕರಗಿಸುವ ವಿಷಯ. ಮೆಷಿನ್‌ನ ಬಿಸಿ ಕರಗಿದ್ದನ್ನು ಹಾಗೇ ಇಟ್ಟುಕೊಳ್ಳೋಕೆ ಮಾತ್ರ, ಅದರಲ್ಲೇ ತುಂಡು ಹಾಕಿ ಕರಗಿಸಲು ಹೋಗಬೇಡಿ. ಮೈಕ್ರೋವೇವ್‌ನಲ್ಲಿ 30 ಸೆಕೆಂಡ್‌ಗೊಮ್ಮೆ ತೆಗೆದು ಕಲಕುತ್ತಾ ಕರಗಿಸಿ. ಬಿಸಿನೀರಿನ ಪಾತ್ರೆ ಮೇಲೆ ಇಟ್ಟು ಕರಗಿಸುವುದಾದರೆ ಮೇಲಿನ ಪಾತ್ರೆ ಅಗಲ ಇರಲಿ, ಹಬೆ ಒಳಗೆ ಬರಬಾರದು. ಸುರಿಯುವ ಮುಂಚೆ ಪಾತ್ರೆಯ ತಳವನ್ನು ಒಣ ಬಟ್ಟೆಯಲ್ಲಿ ಒರೆಸಿ, ಇಲ್ಲಾಂದ್ರೆ ತಳಕ್ಕೆ ಅಂಟಿದ ಹನಿಗಳು ಸೀದಾ ಫೌಂಟೇನ್‌ಗೆ ಬೀಳುತ್ತವೆ. ಮಿಲ್ಕ್ ಮತ್ತು ಬಿಳಿ ಚಾಕೊಲೇಟ್ 45 ಡಿಗ್ರಿ ದಾಟಬಾರದು, ಬೇಗ ಸೀಯುತ್ತವೆ.

ಮೆಷಿನನ್ನು ಹತ್ತು, ಹದಿನೈದು ನಿಮಿಷ ಮೊದಲೇ ಬಿಸಿಗೆ ಹಾಕಿ, ಆಮೇಲೆ ಸುರಿಯಿರಿ. ಪರದೆ ಶುರುವಿನಲ್ಲಿ ಅಲ್ಲಲ್ಲಿ ಹರಿದಂತೆ ಕಂಡರೆ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ. ಮೋಟಾರ್ ಅರ್ಧ ನಿಮಿಷ ನಿಲ್ಲಿಸಿ, ಚಾಕೊಲೇಟ್ ಕೆಳಗಿಳಿದ ಮೇಲೆ ಮತ್ತೆ ಹಾಕಿ. ಒಂದೇ ಕಡೆ ಬೀಳ್ತಾ ಇದ್ದರೆ ಮೇಜು ವಾಲಿದೆ. ಚೌಟ್ರಿಗಳ ಮಡಚುವ ಮೇಜು ಸಮ ಇರೋದೇ ಅಪರೂಪ, ಮೊಬೈಲ್‌ನಲ್ಲಿ ಮಟ್ಟ ನೋಡುವ ಆ್ಯಪ್ ಇರುತ್ತದಲ್ಲ, ಅದನ್ನು ಬೋಗುಣಿಯ ಅಂಚಿಗಿಟ್ಟು ನೋಡಿ, ಕಾಲಿನ ತಿರುಪು ಸರಿಮಾಡಿ. ತಿರುಪು ಇಲ್ಲದಿದ್ದರೆ ರಟ್ಟು ಮಡಚಿ ಕೊಡಿ.

ಪ್ರಶ್ನೆ: ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ. ಮಗನ ಉಪನಯನದ ಸಂಜೆ ಮಕ್ಕಳಿಗೆ ಅಂತ ಫೌಂಟೇನ್ ಇಡಿಸುವ ಆಸೆ. ಚಾಕೊಲೇಟ್‌ನಲ್ಲಿ 476 ಅಂತ ಬರೆದಿದ್ದರೆ ಅದು ಹಂದಿ ಕೊಬ್ಬು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಹೌದಾ? — ಉಡುಪಿ

ಅಲ್ಲ. 476 ಅನ್ನೋದು ಗ್ಲಿಸರಾಲ್ ಮತ್ತು ಹರಳೆಣ್ಣೆಯ ಕೊಬ್ಬಿನ ಆಮ್ಲಗಳಿಂದ ಮಾಡುವ ಎಮಲ್ಸಿಫೈಯರ್. ಹರಳು ಅಂದ್ರೆ ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಅದೇ ಗಿಡ. ಕರಗಿದ ಚಾಕೊಲೇಟ್ ಸಲೀಸಾಗಿ ಹರಿಯಲಿ ಅಂತ ಹಾಕುತ್ತಾರೆ. ಜೊತೆಗೆ ಕಾಣುವ 322 ಲೆಸಿಥಿನ್, ಸಾಮಾನ್ಯವಾಗಿ ಸೋಯಾದ್ದು. ನಮ್ಮ ದೇಶದಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆಯಾ, ಕಂದು ತ್ರಿಕೋನ ಇದೆಯಾ ಅಂತ ನೋಡಿದರೆ ಸಾಕು. ಮೊಟ್ಟೆ ಇದ್ದರೂ ಹಸಿರು ಚುಕ್ಕೆ ಹಾಕುವಂತಿಲ್ಲ.

ನಿಮ್ಮ ಆತಂಕ ಇರಬೇಕಾದ್ದು ಬೇರೆ ಕಡೆ. ಅದ್ದಲು ಇಡುವ ಮಾರ್ಷ್‌ಮ್ಯಾಲೋ ನೋಡಿ. ಬಿಳಿ, ಗುಲಾಬಿ ಬಣ್ಣದ ಮೆತ್ತನೆ ಮಿಠಾಯಿ, ಮಕ್ಕಳಿಗೆ ಬಲು ಇಷ್ಟ. ಹೆಚ್ಚಿನವುಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುವಂಥದ್ದು. ಜೆಲಟಿನ್ ಇಲ್ಲದ್ದೂ ಸಿಗುತ್ತದೆ, ಕೇಳಿ ತರಿಸಬೇಕು. ಕೇಕ್ ತುಂಡು, ಬ್ರೌನಿಯಲ್ಲಿ ಮೊಟ್ಟೆ ಇರಬಹುದು. ಮೊದಲೇ ಹೇಳಿದೆನಲ್ಲ, ಫೌಂಟೇನ್‌ನಲ್ಲಿ ಎಲ್ಲವೂ ಸುತ್ತುತ್ತದೆ. ಅದ್ದಿದ ಒಂದೇ ಒಂದು ತುಂಡಿನ ಚೂರು ಬಿದ್ದರೆ ಇಡೀ ಚಾಕೊಲೇಟ್‌ಗೆ ಸೇರಿತು. "ಬೇಡದವರು ತಗೋಬೇಡಿ" ಅಂತ ಪಕ್ಕದಲ್ಲಿ ಬೇರೆ ತಟ್ಟೆ ಇಟ್ಟರೆ ಪ್ರಯೋಜನ ಇಲ್ಲ. ಆದ್ದರಿಂದ ಕೇಟರಿಂಗ್‌ನವರಿಗೆ ಬಾಯಲ್ಲಿ ಹೇಳಿ ಬಿಡಬೇಡಿ. ಅವತ್ತು ಬರುವ ಒಂದೊಂದು ಪ್ಯಾಕೆಟನ್ನೂ ಮನೆಯವರೊಬ್ಬರು ಕಣ್ಣಾರೆ ನೋಡಲಿ.

ಇದೇ ಕಾರಣಕ್ಕೆ ಕಡಲೆಕಾಯಿ ಚಿಕ್ಕಿ, ಗೋಡಂಬಿಯನ್ನೂ ಅದ್ದಲು ಇಡಬಾರದು ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ಕಡಲೆಕಾಯಿ ಅಲರ್ಜಿ ಇರುವ ಮಗುವಿಗೆ ಒಂದು ಚೂರು ಸಾಕು, ಆಸ್ಪತ್ರೆಗೆ ಓಡಬೇಕಾಗುತ್ತದೆ.

ಪ್ರಶ್ನೆ: ಸ್ಟ್ರಾಬೆರಿ ಬಿಟ್ಟು ನಮ್ಮ ಕಡೆಯ ತಿಂಡಿ, ಹಣ್ಣು ಏನೇನು ಅದ್ದಬಹುದು ಅಕ್ಕ? — ಮಂಡ್ಯ

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು! ಸ್ಟ್ರಾಬೆರಿ ಚೆನ್ನಾಗಿರೋದು ಚಳಿಗಾಲದಲ್ಲಿ, ಆಗ ಮಹಾಬಲೇಶ್ವರದ ಕಡೆಯಿಂದ ಬರುತ್ತದೆ. ಏಪ್ರಿಲ್, ಮೇ ಮದುವೆಗಳಲ್ಲಿ ಸಿಗೋದು ಹುಳಿ, ದುಬಾರಿ. ನಮ್ಮ ಏಲಕ್ಕಿ ಬಾಳೆ ವರ್ಷವಿಡೀ ಸಿಗುತ್ತದೆ, ಎರಡೇ ತುಂಡು ಮಾಡಿದರೆ ಒಂದು ಬಾಯಿಗೆ ಸರಿ, ಸಣ್ಣ ಹುಳಿ ಇರುವುದರಿಂದ ಚಾಕೊಲೇಟ್ ಸಿಹಿ ಮುಖಕ್ಕೆ ಹೊಡೆಯುವುದಿಲ್ಲ. ಕಪ್ಪಾಗುತ್ತೆ ಅಂತ ನಿಂಬೆಹಣ್ಣಿನ ನೀರಲ್ಲಿ ಮುಳುಗಿಸಬೇಡಿ, ಮತ್ತೆ ಅದೇ ನೀರಿನ ಕಥೆ. ಬೇಕಾದಷ್ಟು ಬೇಕಾದಾಗ ಸುಲಿಯಿರಿ. ಒಣ ಅಂಜೂರ ಬಹಳ ಒಳ್ಳೆಯದು, ಬಳ್ಳಾರಿ ಕಡೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಬೀಜ ತೆಗೆದ ಖರ್ಜೂರ ಆಗುತ್ತದೆ. ಹಲಸಿನ ಕಾಲದಲ್ಲಿ ಗಟ್ಟಿ ತೊಳೆಯನ್ನು ಉದ್ದಕ್ಕೆ ಸೀಳಿ ಅದ್ದಿ ಕೊಡಿ, ಜನ ಮತ್ತೆ ಬಂದು ಕೇಳುತ್ತಾರೆ. ಅನಾನಸ್ ರುಚಿಯಾಗಿರುತ್ತದೆ ಆದರೆ ರಸ ಜಾಸ್ತಿ, ಹೆಚ್ಚಿ ಒಂದು ಗಂಟೆ ಜರಡಿಯಲ್ಲಿಟ್ಟು, ಆಮೇಲೆ ಬಟ್ಟೆಯ ಮೇಲೆ ಹರಡಿ ಒರೆಸಿ ಇಡಿ. ಕಲ್ಲಂಗಡಿ ಬೇಡವೇ ಬೇಡ.

ಖಾರ, ಉಪ್ಪಿನದ್ದೂ ಸೇರುತ್ತದೆ. ಉಪ್ಪು ಹಾಕಿದ ಬಾಳೆಕಾಯಿ ಚಿಪ್ಸ್ ದಪ್ಪಗಿದ್ದರೆ ಚೆನ್ನ. ಗಟ್ಟಿ ಕೋಡುಬಳೆ ಅದ್ದಿ ನೋಡಿ, ಕಡ್ಡಿಗೆ ಸಲೀಸಾಗಿ ಸಿಕ್ಕಿಸಬಹುದು, ಖಾರದ ಜೊತೆ ಡಾರ್ಕ್ ಚಾಕೊಲೇಟ್ ಎಷ್ಟು ಚೆನ್ನಾಗಿ ಹೊಂದುತ್ತೆ ಅಂತ ತಿಂದವರಿಗೇ ಗೊತ್ತು. ಮೈಸೂರು ಪಾಕ್, ಚಿರೋಟಿ, ನಿಪ್ಪಟ್ಟು, ರಸ್ಕ್ ಯಾವುದೂ ಬೇಡ. ರುಚಿ ತಪ್ಪು ಅಂತಲ್ಲ, ಅವು ಉದುರುತ್ತವೆ. ಉದುರಿದ ಪುಡಿ ಸ್ಕ್ರೂ ಹತ್ತಿ ಮೇಲೆ ಬಂದು ತಟ್ಟೆಯ ಅಂಚಿಗೆ ಕೂರುತ್ತದೆ, ಸರಿಯಾಗಿ ಅಲ್ಲೇ ಪರದೆ ಸೀಳಿಕೊಳ್ಳುತ್ತದೆ. ಮೈಸೂರು ಪಾಕ್ ತಿನ್ನಿಸಲೇಬೇಕು ಅಂದ್ರೆ ತಟ್ಟೆಯಲ್ಲಿಟ್ಟು ಮೇಲಿಂದ ಒಂದು ಚಮಚ ಚಾಕೊಲೇಟ್ ಹಾಕಿ ಕೊಡಿ.

ಕಡ್ಡಿ ಬಿದಿರಿನದೋ ಮರದ್ದೋ ಇರಲಿ. ಪ್ಲಾಸ್ಟಿಕ್ ಫೋರ್ಕ್, ಕಡ್ಡಿಗಳು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಮಕ್ಕಳ ಸಮಾರಂಭಕ್ಕೆ ಮೊನಚು ಕಡ್ಡಿ ಬೇಡ, ಓಡಾಡುವ ಮಕ್ಕಳ ಕೈಯಲ್ಲಿ ಅದು ಅಪಾಯ.

ಪ್ರಶ್ನೆ: ನಮ್ಮ ಸುತ್ತಮುತ್ತಲೇ ಅಡಿಕೆ ತೋಟದಲ್ಲಿ ಕೋಕೋ ಬೆಳೆಯುತ್ತಾರೆ. ಆದರೂ ಕೇಟರಿಂಗ್‌ನವರು ತರೋದು "ಕಾಂಪೌಂಡ್" ಅಂತೆ. ಅದು ಚಾಕೊಲೇಟೇ ಅಲ್ಲವಾ? — ಪುತ್ತೂರು

ನಿಮ್ಮೂರಿನವರು ಇದನ್ನು ಕೇಳಲೇಬೇಕು. 1973ರಲ್ಲಿ ಶುರುವಾದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಬೆಳೆಗಾರರ ಕೋಕೋಗೆ ದಾರಿ ಆಗಲಿ ಅಂತ 1986ರಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದು ನಿಮ್ಮ ಪುತ್ತೂರಿನಲ್ಲೇ ಅಲ್ವಾ.

ಕಾಂಪೌಂಡ್ ಅಂದ್ರೆ ಕೋಕೋ ಪುಡಿ, ಸಕ್ಕರೆ, ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು, ಸಾಮಾನ್ಯವಾಗಿ ತಾಳೆಯ ಬೀಜದ್ದು. ಲೇಬಲ್‌ನಲ್ಲಿ ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಅಂತ ಇರುತ್ತದೆ. ತಿಂದರೆ ವಿಷ ಏನಲ್ಲ, ಎಣ್ಣೆ, ಕೊಬ್ಬುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದು ಅಂತ 2022ರಿಂದ ನಿಯಮವೂ ಇದೆ. ಆದರೆ ರುಚಿ ಬೇರೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ, ಅಂದ್ರೆ ಬಾಯಿಯ ಬಿಸಿಗೇ ಕರಗುತ್ತದೆ. ಕಾಂಪೌಂಡ್ ತಣ್ಣಗಾದ ಮೇಲೆ ನಾಲಿಗೆ ಮೇಲೆ ಮೇಣದ ಥರ ಒಂದು ಪದರ ಉಳಿಸುತ್ತದೆ. 2024ರಲ್ಲಿ ಕೋಕೋ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತ್ತು, ಅಂಥ ಹೊತ್ತಿನಲ್ಲಿ ಕೇಟರಿಂಗ್‌ನವರು ಕಾಂಪೌಂಡ್ ಕಡೆಗೆ ತಿರುಗಿದರೆ ಅವರನ್ನು ಬೈಯಲಾರೆ. ನಾನು ಬೈಯೋದು ಕೂವರ್ಚರ್ ದರ ಹಾಕಿ ಕಾಂಪೌಂಡ್ ಸುರಿಯುವವರನ್ನು. ಯಾವುದು ಅಂತ ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ. 50 ಜನರ ಒಳಗಿನ ಸಮಾರಂಭವಾದರೆ ಒಳ್ಳೆ ಡಾರ್ಕ್ ಕೂವರ್ಚರ್ ಹಾಕಿಸಿ, ವ್ಯತ್ಯಾಸ ಬಾಯಿಗೇ ತಿಳಿಯುತ್ತದೆ.

ಪ್ರಶ್ನೆ: ಬಿಳಿ ಚಾಕೊಲೇಟ್‌ಗೆ ಗುಲಾಬಿ ಬಣ್ಣ ಹಾಕಬಹುದಾ? ಅದೇ ಮೆಷಿನ್‌ನಲ್ಲಿ ಬೆಲ್ಲದ ಪಾಕ ಬಿಡಬಹುದಾ? — ಹಾಸನ

ಬಣ್ಣ ಹಾಕಬಹುದು, ಎಣ್ಣೆಯಲ್ಲಿ ಕರಗುವ ಬಣ್ಣವೇ ಆಗಬೇಕು. ಕೇಸರಿಬಾತ್‌ಗೆ ಹಾಕುವ ನೀರಿನ ಬಣ್ಣ ಹಾಕಿದರೆ ಗಟ್ಟಿಯಾಗುತ್ತದೆ. ಬೆಲ್ಲದ ಪಾಕ ಬೇಡ. ಬಿಸಿಗೆ ಅದರ ನೀರು ಆರುತ್ತಾ ಆರುತ್ತಾ ಎಳೆ ಪಾಕವಾಗಿ ಸ್ಕ್ರೂ ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಚಿಕ್ಕಮಗಳೂರಿನ ಹತ್ತಿರ ಹೋಂಸ್ಟೇ ಅಂಗಳದಲ್ಲಿ ಸಂಜೆ ಆರತಕ್ಷತೆ. ಹೊರಗೆ ಇಡಬಹುದಾ? ಸೀರೆಗೆ ಸಿಡಿದರೆ? — ಬೆಂಗಳೂರು

ಹೊರಗೆ ಬೇಡ. ಪರದೆ ಕಾಗದಕ್ಕಿಂತ ಸ್ವಲ್ಪ ದಪ್ಪ ಅಷ್ಟೇ, ಸಣ್ಣ ಗಾಳಿಗೂ ವಾಲುತ್ತದೆ, ಜೋರು ಬೀಸಿದರೆ ಹನಿಗಳು ಎದುರಿಗಿದ್ದವರ ಬಟ್ಟೆಗೆ. ಘಟ್ಟದ ಕಡೆಯ ಸಂಜೆ ಚಳಿಗೆ ಚಾಕೊಲೇಟ್ ಮೇಲಿಂದ ಇಳಿಯುವಷ್ಟರಲ್ಲೇ ದಪ್ಪ ಆಗುತ್ತದೆ. ಮಳೆ ಶುರುವಾಗುವ ಕಾಲವಾದರೆ ದೀಪಕ್ಕೆ ಮುತ್ತುವ ರೆಕ್ಕೆ ಹುಳಗಳನ್ನು ಹೇಳಲೇಬೇಕಾಗಿಲ್ಲ. ಒಳಗೆ, ಗೋಡೆಗೆ ಹತ್ತಿರ, ಫ್ಯಾನ್ ಮತ್ತು ಏಸಿ ಗಾಳಿ ನೇರ ಬಡಿಯದ ಕಡೆ ಇಡಿಸಿ. ಚೌಟ್ರಿಗಳಲ್ಲಿ ಆ ದೊಡ್ಡ ನಿಲ್ಲುವ ಫ್ಯಾನ್ ಯಾರಾದರೂ ತಿರುಗಿಸಿಬಿಡುತ್ತಾರೆ, ಅದರ ಮೇಲೂ ಕಣ್ಣಿರಲಿ.

ರೇಷ್ಮೆ ಸೀರೆಗೆ ಬಿದ್ದರೆ ಉಜ್ಜಬೇಡಿ, ನೀರು ಹಾಕಬೇಡಿ. ಗಟ್ಟಿಯಾಗಲು ಬಿಟ್ಟು, ಚಮಚದ ಅಂಚಿನಿಂದ ಮೆಲ್ಲಗೆ ಎಬ್ಬಿಸಿ, ಉಳಿದ ಜಿಡ್ಡಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಕೊಡವಿ, ಡ್ರೈಕ್ಲೀನಿಂಗ್‌ಗೆ ಕೊಡುವಾಗ ಚಾಕೊಲೇಟ್ ಕಲೆ ಅಂತ ಹೇಳಿ. ಹತ್ತಿ ಬಟ್ಟೆಯಾದರೆ ತಣ್ಣೀರು, ಸೋಪು ಸಾಕು. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ಪ್ರಶ್ನೆ: ಒಂದು ಬರ್ತ್‌ಡೇ ಮುಗಿದ ಮೇಲೆ ಕೇಟರಿಂಗ್ ಹುಡುಗರು ಫೌಂಟೇನ್‌ನಲ್ಲಿ ಉಳಿದದ್ದನ್ನು ಕ್ಯಾನ್‌ಗೆ ತುಂಬಿಕೊಂಡರು. "ನಾಳೆಗೆ" ಅಂದರು. ಇದು ಸರಿಯಾ? — ತುಮಕೂರು

ತಪ್ಪು. ಅಷ್ಟೂ ಜನ ಅದ್ದಿದ ಚಾಕೊಲೇಟ್ ಅದು. ಅದರಲ್ಲಿ ಹಣ್ಣಿನ ರಸ, ಕೇಕ್ ಪುಡಿ, ಎಂಜಲು ಎಲ್ಲ ಇದೆ. ಅಂದ ಹಾಗೆ ಹಣ್ಣಿನ ರಸ ಸೇರಿದ ಮೇಲೆ "ನೀರಿಲ್ಲ, ಕೆಡೋದಿಲ್ಲ" ಅನ್ನುವ ಮಾತೂ ನಿಲ್ಲುವುದಿಲ್ಲ. ಇದನ್ನು ಇನ್ನೊಬ್ಬರ ಮಕ್ಕಳಿಗೆ ತಿನ್ನಿಸೋಕೆ ಮನಸ್ಸಾದರೂ ಹೇಗೆ ಬರುತ್ತದೆ! ಕರಗಿಸದ, ಒಡೆಯದ ಪ್ಯಾಕೆಟ್ ವಾಪಸ್ ಒಯ್ಯಲಿ, ಅದು ಅವರದೇ. ಫೌಂಟೇನ್‌ಗೆ ಸುರಿದದ್ದು ಎಸೆಯಬೇಕು. ಸಮಾರಂಭ ಮುಗಿದಾಗ ನಿಮ್ಮ ಎದುರಿಗೇ ಎಸೆಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಸಿಂಕ್‌ಗೆ ಸುರಿಯಲು ಬಿಡಬೇಡಿ, ಪೈಪ್‌ನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕವರ್ ಹಾಸಿದ ಟ್ರೇಗೆ ಸುರಿದು, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಲಿ.

ಪ್ರಶ್ನೆ: ನಾನು ಮನೆಯಿಂದಲೇ ಫೌಂಟೇನ್ ಕೌಂಟರ್ ಕೆಲಸ ಶುರುಮಾಡಬೇಕು ಅಂತಿದ್ದೇನೆ. ಮೊದಲು ಏನು ಮಾಡಲಿ? ಕರೆಂಟ್ ಹೋದರೆ ಏನು ಗತಿ? — ಹುಬ್ಬಳ್ಳಿ

ಒಳ್ಳೆ ಕೆಲಸ, ಶುರುಮಾಡಿ ತಂಗಿ. ಮನೆಯಿಂದ ಮಾಡಿದರೂ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು, ಅವರ ಫೋಸ್ಕೋಸ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. 14 ಅಂಕಿಯ ಸಂಖ್ಯೆ ಬರುತ್ತದೆ. ಅದನ್ನು ಬಿಲ್ ಮೇಲೆ ಹಾಕಿ, ಗಿರಾಕಿಗಳಿಗೆ ನಂಬಿಕೆ ಬರುತ್ತದೆ. ಮೆಷಿನ್ ಮೊದಲು ಬಾಡಿಗೆಗೆ ತನ್ನಿ. ಕೊಳ್ಳುವಾಗ ಆಗರ್ ಮತ್ತು ತಟ್ಟೆ ಎರಡೂ ಸ್ಟೀಲ್ ಇರುವುದು, ಪೂರ್ತಿ ಬಿಚ್ಚಿ ತೊಳೆಯಲು ಬರುವುದು, ಬಿಸಿಗೂ ಮೋಟಾರ್‌ಗೂ ಬೇರೆ ಬೇರೆ ಸ್ವಿಚ್ ಇರುವುದು ನೋಡಿ ತಗೊಳ್ಳಿ. ತೊಳೆದ ಮೇಲೆ ಕೊಳವೆಯೊಳಗೂ ಪೂರ್ತಿ ಆರಿರಬೇಕು, ಒಳಗೆ ಉಳಿದ ನೀರು ಮುಂದಿನ ಸಮಾರಂಭದ ಚಾಕೊಲೇಟ್ ಕೆಡಿಸುತ್ತದೆ.

ಕರೆಂಟ್ ಹೋಗಿ ಜನರೇಟರ್ ಬರುವವರೆಗಿನ ಒಂದೆರಡು ನಿಮಿಷಕ್ಕೆ ಏನೂ ಆಗುವುದಿಲ್ಲ. ಅರ್ಧ ಗಂಟೆ ಹೋದರೆ ಕೊಳವೆಯೊಳಗಿನದು ಗಟ್ಟಿಯಾಗಿರುತ್ತದೆ. ಕರೆಂಟ್ ಬಂದ ಕೂಡಲೇ ಮೋಟಾರ್ ಹಾಕಬೇಡಿ, ಸುಟ್ಟುಹೋಗುತ್ತದೆ. ಮೊದಲು ಬಿಸಿಯ ಸ್ವಿಚ್ ಮಾತ್ರ ಹಾಕಿ, ಬೋಗುಣಿಯಲ್ಲಿರುವುದನ್ನು ಸೌಟಿನಿಂದ ಕಲಕಿ ನೋಡಿ, ಎಲ್ಲ ಕರಗಿದ ಮೇಲೆ ಮೋಟಾರ್. ಬುಕಿಂಗ್ ಒಪ್ಪಿಕೊಳ್ಳುವಾಗಲೇ ಕೌಂಟರ್ ಹತ್ತಿರದ ಪ್ಲಗ್ ಜನರೇಟರ್ ಲೈನ್‌ನಲ್ಲಿ ಇದೆಯಾ ಅಂತ ಹಾಲ್‌ನವರನ್ನು ಕೇಳಿ. ಮತ್ತೆ ದರ ಹೇಳುವಾಗ ನಿಮ್ಮ ಜೊತೆ ನಿಲ್ಲುವ ಸಹಾಯಕರ ಕೂಲಿಯನ್ನು ಅದರಲ್ಲೇ ಸೇರಿಸಿ ಹೇಳಿ. ಆಮೇಲೆ ಚೌಕಾಸಿಯಲ್ಲಿ ಅದನ್ನು ಮಾತ್ರ ಬಿಟ್ಟುಕೊಡಬೇಡಿ.